ಹೆಸರಿಲ್ಲದೆ ಮಾತನಾಡುವ ಜಾಲ: ಖಾನಾಪುರದ ಮಾಸ್ತರರ ಪ್ರಶ್ನೆಗೆ ನಮ್ಮ ಉತ್ತರ

ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ಸಾಗಿದರೆ ಖಾನಾಪುರ ಸಿಗುತ್ತದೆ. ನಮ್ಮ ಮಂಗಳೂರಿನ ಹಾಗೆ ಮಣ್ಣಿನ ಕೆಲಸಕ್ಕೆ, ಅದರಲ್ಲೂ ಕುಂಬಾರಿಕೆಗೆ ಹೆಸರಾದ ಊರು. ಮಲಪ್ರಭೆ ಹುಟ್ಟುವ ಕಣಕುಂಬಿ, ರೈಲಿನಲ್ಲಿ ಗೋವೆಗೆ ಹೋಗುವವರಿಗೆ ಪರಿಚಿತವಾದ ಲೋಂಡಾ, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ ಎಲ್ಲವೂ ಇದೇ ತಾಲೂಕಿನಲ್ಲಿವೆ. ಅಲ್ಲಿನ ಒಂದು ಹಳ್ಳಿಯ ಶಾಲೆಯ ಮಾಸ್ತರರೊಬ್ಬರು ನಮಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದರು.

ಅವರ ಶಾಲೆಯ ಬಿಸಿಯೂಟದ ಅಕ್ಕಿಯ ಲೆಕ್ಕ ಪುಸ್ತಕದಲ್ಲಿ ಒಂದು, ಮೂಟೆಯಲ್ಲಿ ಇನ್ನೊಂದು. ಕೇಳಿದರೆ ಮೇಲಿನವರು ನಗುತ್ತಾರೆ. ಕೊನೆಗೆ ಅವರು ನಮ್ಮ ನಾಡಿನಲ್ಲಿ ತಲೆಮಾರುಗಳಿಂದ ನಡೆದುಬಂದ ದಾರಿಯನ್ನೇ ಹಿಡಿದು ಒಂದು ಮೂಗರ್ಜಿ ಬರೆದು ಅಂಚೆಗೆ ಹಾಕಿದರು. ಕೆಳಗೆ ಸಹಿಯಿಲ್ಲ, ಹೆಸರಿಲ್ಲ. ಎಂಟೇ ದಿನದಲ್ಲಿ ಸಂತೆಯಲ್ಲಿ ಒಬ್ಬರು ಹೆಗಲ ಮೇಲೆ ಕೈ ಹಾಕಿ, "ಅರ್ಜಿ ಭಾಳ ಛಲೋ ಬರದೀರಿ ಬಿಡ್ರಿ, ಮಾಸ್ತರ" ಎಂದರಂತೆ. ಅಷ್ಟೇ ಮಾತು. ಅಂದಿನಿಂದ ಅವರ ಹೆಂಡತಿಗೆ ರಾತ್ರಿ ನಿದ್ದೆಯಿಲ್ಲ.

ಅವರ ಪ್ರಶ್ನೆ ಇದು: ಕಳಿಸಿದವರು ಯಾರೆಂದು ಯಾರಿಗೂ ಗೊತ್ತಾಗದ ಹಾಗೆ ಕಳಿಸುವ ತಂತ್ರಾಂಶಗಳಿವೆಯಂತೆ, ಅವು ಉಚಿತವಂತೆ, ಯಾರು ಬೇಕಾದರೂ ಬಿಚ್ಚಿ ನೋಡಬಹುದಂತೆ. ಅವನ್ನು ನಂಬಬಹುದೇ?

(ಅವರು ನಿಜಕ್ಕೂ ಮಾಸ್ತರರೇ, ವಿಷಯ ನಿಜಕ್ಕೂ ಅಕ್ಕಿಯದ್ದೇ ಎಂದು ಓದುಗರು ನಂಬಿಬಿಡಬೇಡಿ. ಒಂದೆರಡು ವಿವರಗಳನ್ನು ಬೇಕೆಂದೇ ಬದಲಿಸಿದ್ದೇವೆ. ಏಕೆಂಬುದು ಮುಂದೆ ತಿಳಿಯುತ್ತದೆ.)

ಒಂದು ಸಾಲಿನಲ್ಲಿ ಉತ್ತರಿಸಬಹುದೆಂದು ನಾವು ಅಂದುಕೊಂಡಿದ್ದೆವು. ಹಾಗಾಗಲಿಲ್ಲ.

ಮೂರು ಲಕೋಟೆಗಳ ಲೆಕ್ಕ

ಇಂಟರ್ನೆಟ್ಟಿನಲ್ಲಿ ನಾವು ಕಳಿಸುವ ಪ್ರತಿಯೊಂದು ಸಂದೇಶಕ್ಕೂ ಅಂಚೆ ಮುದ್ರೆಯಂತಹ ಒಂದು ಗುರುತು ಇರುತ್ತದೆ. ಅದಕ್ಕೆ ಐಪಿ ವಿಳಾಸ ಎನ್ನುತ್ತಾರೆ. ಇಂತಿಂಥ ಹೊತ್ತಿಗೆ ಇಂಥ ವಿಳಾಸ ಯಾವ ಸಿಮ್ಮಿಗೆ, ಯಾವ ಮನೆಯ ತಂತಿಗೆ ಸಿಕ್ಕಿತ್ತು ಎಂಬ ದಾಖಲೆ ಕಂಪೆನಿಯ ಬಳಿ ಇರುತ್ತದೆ. ನಮ್ಮ ದೇಶದಲ್ಲಿ ಈ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು 2021ರ ಡಿಸೆಂಬರಿನಲ್ಲಿ ದೂರಸಂಪರ್ಕ ಇಲಾಖೆ ನಿಯಮ ಬದಲಿಸಿತು. ಬ್ಯಾಂಕಿನ ಪುಟದಲ್ಲಿ ಕಾಣುವ ಬೀಗದ ಚಿತ್ರ ಪತ್ರದ ಒಳಗಿನ ಬರಹವನ್ನು ಮುಚ್ಚುತ್ತದೆಯೇ ಹೊರತು, ಯಾರು ಯಾರಿಗೆ ಬರೆದರು ಎಂಬುದನ್ನು ಮುಚ್ಚುವುದಿಲ್ಲ. ಮೂಗರ್ಜಿ ಬರೆಯುವವನಿಗೆ ಬೇಕಾದದ್ದು ಈ ಎರಡನೆಯದು.

ಅದಕ್ಕೆ ಕಂಡುಕೊಂಡ ಉಪಾಯವನ್ನು ಖಾನಾಪುರದ ದಾರಿಯಲ್ಲೇ ವಿವರಿಸೋಣ. ಕಣಕುಂಬಿಯ ಒಬ್ಬರು ಬೆಳಗಾವಿಯ ಕಚೇರಿಗೆ ಪತ್ರ ಕಳಿಸಬೇಕು. ಪತ್ರವನ್ನು ಒಂದು ಲಕೋಟೆಯಲ್ಲಿಟ್ಟು, ಅದನ್ನು ಇನ್ನೊಂದರಲ್ಲಿಟ್ಟು, ಅದನ್ನು ಮತ್ತೊಂದರಲ್ಲಿಟ್ಟು ಅಂಟಿಸುತ್ತಾರೆ. ಹೊರಗಿನ ಲಕೋಟೆ ಜಾಂಬೋಟಿಯ ಅಂಗಡಿಯವರಿಗೆ. ಅವರು ಅದನ್ನು ಬಿಚ್ಚಿದರೆ ಒಳಗಿನದರ ಮೇಲೆ ಖಾನಾಪುರದ ಒಬ್ಬರ ವಿಳಾಸ. ಖಾನಾಪುರದವರು ಬಿಚ್ಚಿದರೆ ಬೆಳಗಾವಿಯ ಒಬ್ಬರ ವಿಳಾಸ. ಬೆಳಗಾವಿಯವರು ಕೊನೆಯದನ್ನು ಬಿಚ್ಚಿ ಕಚೇರಿಗೆ ಮುಟ್ಟಿಸುತ್ತಾರೆ. ಜಾಂಬೋಟಿಯವರಿಗೆ ಕಳಿಸಿದವರು ಗೊತ್ತು, ಎಲ್ಲಿಗೆ ಎಂಬುದು ಗೊತ್ತಿಲ್ಲ. ಬೆಳಗಾವಿಯವರಿಗೆ ಎಲ್ಲಿಗೆ ಎಂಬುದು ಗೊತ್ತು, ಕಳಿಸಿದವರು ಗೊತ್ತಿಲ್ಲ. ನಡುವಿನ ಖಾನಾಪುರದವರಿಗೆ ಎರಡೂ ಗೊತ್ತಿಲ್ಲ! ಇಡೀ ಕಥೆ ಗೊತ್ತಿರುವುದು ಕಣಕುಂಬಿಯವರೊಬ್ಬರಿಗೇ. ಒಳಗೊಳಗೆ ಲಕೋಟೆಯಿರುವ ಕಾರಣಕ್ಕೆ ಇದನ್ನು ಈರುಳ್ಳಿಗೆ ಹೋಲಿಸುತ್ತಾರೆ. ಟಾರ್ ಎಂಬ ಪ್ರಸಿದ್ಧ ಜಾಲ ನಡೆಯುವುದು ಹೀಗೆ. ಜಗತ್ತಿನಾದ್ಯಂತ ಸಾವಿರಾರು ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಈ ನಡುವಿನ ಮನೆಗಳನ್ನಾಗಿ ಬಿಟ್ಟುಕೊಟ್ಟಿದ್ದಾರೆ.

ಟಾರ್‌ನಲ್ಲಿ ಪತ್ರ ಹಾಕುವವರು ಬೇರೆ, ಮುಟ್ಟಿಸುವವರು ಬೇರೆ. 2003ರಲ್ಲಿ ಶುರುವಾದ ಐಟೂಪಿ ಎಂಬ ತಂತ್ರಾಂಶದಲ್ಲಿ ಆ ಭೇದವಿಲ್ಲ. ಅದನ್ನು ಹಾಕಿಕೊಂಡವರೆಲ್ಲರೂ, ಬೇಡವೆಂದು ಹೇಳದಿದ್ದರೆ, ಇತರರ ಲಕೋಟೆಗಳನ್ನೂ ದಾಟಿಸುತ್ತಾರೆ. ಇದೇ ಪಿಯರ್-ಟು-ಪಿಯರ್, ಅಂದರೆ ಯಜಮಾನನಿಲ್ಲದ ಸರೀಕರ ಜಾಲ. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಹತ್ತು ಹತ್ತು ನಿಮಿಷಕ್ಕೆ ದಾರಿಗಳನ್ನೇ ಬದಲಿಸುತ್ತದೆ. ಇವೆರಡಕ್ಕಿಂತ ಬೇರೆಯಾದದ್ದು ಫ್ರೀನೆಟ್. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಇಯಾನ್ ಕ್ಲಾರ್ಕ್ ಎಂಬ ವಿದ್ಯಾರ್ಥಿ 1999ರಲ್ಲಿ ಬರೆದ ಪ್ರಬಂಧದಿಂದ ಹುಟ್ಟಿ 2000ದಲ್ಲಿ ಹೊರಬಂತು. ಅಲ್ಲಿ ಪತ್ರವನ್ನು ಚೂರು ಚೂರು ಮಾಡಿ, ಬೀಗ ಹಾಕಿ, ಅನೇಕರ ಮನೆಗಳ ಅಟ್ಟದಲ್ಲಿಡುತ್ತಾರೆ. ತನ್ನ ಅಟ್ಟದಲ್ಲಿ ಏನಿದೆಯೆಂಬುದು ಮನೆಯವನಿಗೇ ಗೊತ್ತಿಲ್ಲ. ಕೇಳುವವರಿದ್ದಷ್ಟು ದಿನ ಅದು ಉಳಿಯುತ್ತದೆ, ಯಾರೂ ಕೇಳದಿದ್ದರೆ ತಾನಾಗಿ ಮಾಯವಾಗುತ್ತದೆ. ಈ ಹಳೆಯ ಫ್ರೀನೆಟ್ 2023ರಿಂದ ಹೈಫನೆಟ್ ಎಂಬ ಹೆಸರಿನಲ್ಲಿ ಮುಂದುವರಿದಿದೆ.

ಬರೆದವರೇ ಯಾರೆಂದು ಗೊತ್ತಿಲ್ಲ

ಇಂಥ ತಂತ್ರಾಂಶವನ್ನು ಬರೆಯುವವರು ಯಾರು ಎಂದು ನಮ್ಮ ಮಾಸ್ತರರಿಗೆ ಕುತೂಹಲ. ಐಟೂಪಿಯ ಮಟ್ಟಿಗೆ ಉತ್ತರ ವಿಚಿತ್ರವಾಗಿದೆ. ಅದರ ಮುಖ್ಯ ಕರ್ತೃ ಜೇರ್‍ಯಾಂಡಮ್ ಎಂಬ ಕಾವ್ಯನಾಮದಲ್ಲೇ ಕೆಲಸ ಮಾಡಿದರು. 2007ರ ಕೊನೆಗೆ ಅವರು ಹಿಂದೆ ಸರಿದರು. ಉಳಿದವರು, ಅವರಲ್ಲೂ ಹಲವರು ಅಡ್ಡಹೆಸರಿನವರೇ, ಅದನ್ನು ಎತ್ತಿ ಮುಂದುವರಿಸಿದರು. ಹೆಸರು ಗೊತ್ತಿಲ್ಲದವರು ಬರೆದದ್ದನ್ನು ನಂಬುವುದು ಹೇಗೆ? ಓಪನ್ ಸೋರ್ಸ್ ಎಂಬ ಮಾತಿಗೆ ಅರ್ಥ ಬರುವುದು ಇಲ್ಲಿಯೇ. ತಂತ್ರಾಂಶದ ಪ್ರತಿ ಸಾಲೂ ಎಲ್ಲರ ಎದುರಿಗಿದೆ. ಬಲ್ಲವರು ಯಾರಾದರೂ ಓದಿ, ತಪ್ಪು ಹಿಡಿದು, ತಿದ್ದಿ ಕಳಿಸಬಹುದು. ಅಡುಗೆಯವನ ಹೆಸರು ಗೊತ್ತಿಲ್ಲ, ಆದರೆ ಅಡುಗೆಮನೆಗೆ ಗೋಡೆಯೇ ಇಲ್ಲ.

ಗೋಡೆಯಿಲ್ಲವೆಂದ ಮಾತ್ರಕ್ಕೆ ಎಲ್ಲರೂ ನೋಡುತ್ತಿರುತ್ತಾರೆಂದಲ್ಲ. ಎಕ್ಸ್‌ಝಡ್ ಎಂಬ, ಲಿನಕ್ಸ್ ಕಂಪ್ಯೂಟರುಗಳಲ್ಲೆಲ್ಲ ಇರುವ ಒಂದು ಸಣ್ಣ ಮುಕ್ತ ತಂತ್ರಾಂಶಕ್ಕೆ ಜಿಯಾ ಟಾನ್ ಎಂಬ ಹೆಸರಿನ, ಮುಖ ಕಾಣದ ಒಬ್ಬರು ಎರಡು ವರ್ಷ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿ, 2024ರಲ್ಲಿ ಅದರೊಳಗೆ ಕಳ್ಳಬಾಗಿಲು ಇಟ್ಟರು. ಅದನ್ನು ಪತ್ತೆಹಚ್ಚಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲಾ ಎಂಬ ಸಣ್ಣ ಕಿರಿಕಿರಿ ಬೆನ್ನಟ್ಟಿ ಹೋದದ್ದರಿಂದ ಅದು ಸಿಕ್ಕಿತು. ಸಾಲುಗಳು ತೆರೆದಿದ್ದುದರಿಂದ ಹಿಡಿಯಲು ಸಾಧ್ಯವಾಯಿತೆಂಬುದು ನಿಜ. ನೋಡುವ ಕಣ್ಣುಗಳು ಕಡಿಮೆಯಿದ್ದುದರಿಂದ ಇಡಲು ಸಾಧ್ಯವಾಯಿತೆಂಬುದೂ ಅಷ್ಟೇ ನಿಜ. ಬೆಳಗಾವಿಯಲ್ಲೇ ಕೇಂದ್ರವಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿ ಸಾವಿರಾರು ಮಕ್ಕಳು ಕಂಪ್ಯೂಟರ್ ಜಾಲಗಳ ಪಾಠ ಓದುತ್ತಾರೆ. ಅವರಲ್ಲಿ ನಾಲ್ಕು ಮಂದಿ ಪರೀಕ್ಷೆಗಾಗಿ ಅಲ್ಲದೆ ಇಂಥ ಒಂದು ತಂತ್ರಾಂಶದ ಸಾಲುಗಳನ್ನು ಓದಲು ಕುಳಿತರೆ, ಪದವಿಗಿಂತ ದೊಡ್ಡ ಪಾಠವಾದೀತು. ಬೆಂಗಳೂರಿನ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಸಂಘಟನೆ ಕಾಲೇಜುಗಳಲ್ಲಿ ಬಳಗ ಕಟ್ಟಿ ಮುಕ್ತ ತಂತ್ರಾಂಶದ ರುಚಿ ಹತ್ತಿಸುವ ಕೆಲಸವನ್ನು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿದೆ.

ಒಬ್ಬನೇ ಮುಸುಕು ಹಾಕಿದರೆ

ಇಷ್ಟು ಓದಿದವರು, ಹಾಗಾದರೆ ಮಾಸ್ತರರು ಟಾರ್ ಹಾಕಿಕೊಂಡರೆ ಮುಗಿಯಿತಲ್ಲ ಎನ್ನಬಹುದು. ನಾವೂ ಹಾಗೆಯೇ ಬರೆಯಲು ಹೊರಟಿದ್ದೆವು. ತಡೆದದ್ದು 2013ರ ಡಿಸೆಂಬರಿನ ಒಂದು ಘಟನೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಪರೀಕ್ಷೆಯ ದಿನ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ಕಳಿಸಿದವನು ಟಾರ್ ಬಳಸಿದ್ದ, ಒಂದು ಸಲ ಬಳಸಿ ಎಸೆಯುವ ಇ-ಮೇಲ್ ವಿಳಾಸವನ್ನೂ ಬಳಸಿದ್ದ. ತನಿಖೆಯವರು ಟಾರ್‌ನ ಬೀಗ ಒಡೆಯುವ ಗೋಜಿಗೇ ಹೋಗಲಿಲ್ಲ. ಆ ಹೊತ್ತಿಗೆ ನಮ್ಮದೇ ಕ್ಯಾಂಪಸ್ಸಿನ ವೈಫೈಯಿಂದ ಟಾರ್ ಮುಟ್ಟಿದವರು ಯಾರು ಎಂದು ಪಟ್ಟಿ ನೋಡಿದರು. ಸಿಕ್ಕಿದ ವಿದ್ಯಾರ್ಥಿಯನ್ನು ಕೇಳಿದಾಗ ಅವನೇ ಒಪ್ಪಿಕೊಂಡ. ಬೆದರಿಕೆ ಹಾಕಿದವನು ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಪಾಠ ಮಾತ್ರ ಒಳ್ಳೆಯವರಿಗೂ ಕೆಟ್ಟವರಿಗೂ ಒಂದೇ: ಲಕೋಟೆಯೊಳಗೆ ಏನಿದೆಯೆಂದು ಜಾಂಬೋಟಿಯವರಿಗೆ ಗೊತ್ತಾಗದಿರಬಹುದು, ಆದರೆ ಈ ಊರಿನಲ್ಲಿ ಮೂರು ಪದರದ ಲಕೋಟೆ ಕಳಿಸುವ ಮನುಷ್ಯ ಇವನೊಬ್ಬನೇ ಎಂದು ಗೊತ್ತಾದರೆ ಸಾಕು.

ದೊಡ್ಡ ವಿಶ್ವವಿದ್ಯಾಲಯದಲ್ಲೇ ಹೀಗಾದರೆ, ಖಾನಾಪುರದ ಹಳ್ಳಿಯಲ್ಲಿ? ಸಂತೆಯಲ್ಲಿ ಎಲ್ಲರೂ ಕಂಬಳಿ ಕೊಪ್ಪೆ ಹಾಕಿಕೊಂಡಿದ್ದರೆ ನೀವೂ ಹಾಕಿಕೊಂಡು ಗುಂಪಿನಲ್ಲಿ ಕರಗಬಹುದು. ಬಿಸಿಲಿನ ದಿನ ನೀವೊಬ್ಬರೇ ಕೊಪ್ಪೆ ಹಾಕಿಕೊಂಡು ಬಂದರೆ ಇಡೀ ಸಂತೆ ತಿರುಗಿ ನೋಡುತ್ತದೆ. ಮುಚ್ಚಿಟ್ಟುಕೊಳ್ಳುವ ಅಗತ್ಯ ಹೆಚ್ಚಿರುವುದು ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ. ಮುಚ್ಚಿಕೊಳ್ಳಲು ಬೇಕಾದ ಜನಜಂಗುಳಿ ಇರುವುದು ದೊಡ್ಡ ಊರಿನಲ್ಲಿ. ಈ ಜಾಲಗಳ ಬಗ್ಗೆ ಬರೆಯುವವರು ಇದನ್ನು ಒತ್ತಿ ಹೇಳುವುದು ಕಡಿಮೆ ಎಂದು ನಮ್ಮ ದೂರು.

ಟಾರ್ ಹುಟ್ಟಿಸಿದವರಿಗೆ ಇದು ಮೊದಲೇ ಗೊತ್ತಿತ್ತು. ಈ ವಿದ್ಯೆ 1990ರ ದಶಕದಲ್ಲಿ ರೂಪುಗೊಂಡದ್ದು ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ. ನೌಕಾಪಡೆಯವರು ಮಾತ್ರ ಬಳಸಿದರೆ ಇದರಿಂದ ಬಂದ ಪ್ರತಿ ಸಂದೇಶವೂ ನೌಕಾಪಡೆಯದ್ದೇ ಎಂದು ತಿಳಿದುಬಿಡುತ್ತದೆ! ಆದ್ದರಿಂದ ಅದನ್ನು ಎಲ್ಲರಿಗೂ ಕೊಡಬೇಕಾಯಿತು. ಪತ್ರಕರ್ತ, ವ್ಯಾಪಾರಿ, ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಸಹಾಯ ಹುಡುಕುವ ಹೆಂಗಸು, ಸುಮ್ಮನೆ ಕುತೂಹಲಕ್ಕೆ ಬಂದ ಹುಡುಗ, ಎಲ್ಲರೂ ಒಂದೇ ಗುಂಪಿನಲ್ಲಿ ನಿಂತಾಗ ಮಾತ್ರ ಗುಂಪು ಗುಂಪಾಗುತ್ತದೆ. ಆ ಗುಂಪಿನಲ್ಲಿ ಕಳ್ಳರೂ ಇದ್ದಾರೆ. 2020ರ ನವೆಂಬರಿನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬಯಲಿಗೆಳೆದ ಮಾದಕ ವಸ್ತುಗಳ ಪ್ರಕರಣದಲ್ಲಿ ಕೇಳಿಬಂದ ಡಾರ್ಕ್‌ನೆಟ್ ಎಂಬುದು ಇಂಥ ಜಾಲಗಳ ಮೇಲೆಯೇ ಕಟ್ಟಿದ ಕತ್ತಲ ಪೇಟೆ. ಮಕ್ಕಳನ್ನು ಹಿಂಸಿಸುವ ಚಿತ್ರಗಳು ಕೂಡ ಫ್ರೀನೆಟ್ಟಿನ ಅಟ್ಟಗಳಲ್ಲಿ ಅಡಗಿದ್ದವು, ಅವನ್ನು ಅಳಿಸುವ ಅಧಿಕಾರ ಯಾರಿಗೂ ಇಲ್ಲ. ಇದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಮನೆಯಲ್ಲಿ ಹರೆಯದ ಮಕ್ಕಳಿರುವವರು ಏನೆಂದು ತಿಳಿಯದೆ ಇದನ್ನು ಹಾಕಿಕೊಳ್ಳಬೇಡಿ. ಹೊರಬಾಗಿಲಿನ ಮನೆಯಾಗಿ, ಅಂದರೆ ಕೊನೆಯ ಲಕೋಟೆ ಬಿಚ್ಚುವವರಾಗಿ ಕಂಪ್ಯೂಟರನ್ನು ಬಿಟ್ಟುಕೊಟ್ಟರೆ ಬೇರೆಯವರು ಮಾಡಿದ್ದಕ್ಕೆ ಪೊಲೀಸರು ನಿಮ್ಮ ಮನೆಗೆ ಬಂದಾರು.

ಹಾಗಲ್ಲದೆ ಗುಂಪಿಗೆ ನೆರವಾಗುವ ಸುಲಭದ ದಾರಿಯೂ ಇದೆ. ಸ್ನೋಫ್ಲೇಕ್ ಎಂಬ ಚಿಕ್ಕ ತಂತ್ರಾಂಶವನ್ನು ಬ್ರೌಸರಿಗೆ ಸೇರಿಸಿಕೊಂಡರೆ, ಟಾರ್‌ಗೆ ತಡೆಯಿರುವ ದೇಶದ ಯಾರೋ ಒಬ್ಬರು ನಿಮ್ಮ ಸಂಪರ್ಕವನ್ನು ಹಾದು ಟಾರ್‌ನ ಮೊದಲ ಬಾಗಿಲು ತಲುಪುತ್ತಾರೆ. ಅಲ್ಲಿಂದ ಮುಂದಿನದು ನಿಮ್ಮ ಹೆಸರಿಗೆ ಬರುವುದಿಲ್ಲ. 2022ರಲ್ಲಿ ಇರಾನಿನಲ್ಲಿ ಹೆಂಗಸರು ಬೀದಿಗಿಳಿದಾಗ ಅಲ್ಲಿನ ಎಷ್ಟೋ ಜನ ಹೊರಜಗತ್ತನ್ನು ತಲುಪಿದ್ದು ಹೀಗೆ ಅಪರಿಚಿತರ ಮನೆಗಳ ಕಿಟಕಿಗಳಿಂದ.

ಇವೆಲ್ಲವೂ ಇಂಟರ್ನೆಟ್ ಇದ್ದಾಗ ಮಾತ್ರ ಎಂಬುದನ್ನು ಕರಾವಳಿಯ ನಾವು ಮರೆಯಬಾರದು. 2019ರ ಡಿಸೆಂಬರ್ 19ರ ರಾತ್ರಿಯಿಂದ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ ನಿಂತಾಗ, ಮನೆಗೆ ಬರಬೇಕಾದ ಮಗ ಎಲ್ಲಿದ್ದಾನೆಂದು ತಿಳಿಯದೆ ಒದ್ದಾಡಿದವರು ನಮ್ಮ ನೆರೆಹೊರೆಯಲ್ಲೇ ಇದ್ದರು. ಖಾನಾಪುರದ ಭೀಮಗಡದ ಕಾಡಿನೊಳಗಿನ ಹಳ್ಳಿಗಳಿಗೆ ಯಾರೂ ನಿಲ್ಲಿಸಬೇಕಿಲ್ಲ, ಸಿಗ್ನಲ್ ಸಿಗುವುದೇ ಕಷ್ಟ. ಅಂಥ ಕಡೆ ಬ್ರಯರ್ ಎಂಬ ಮುಕ್ತ ತಂತ್ರಾಂಶ ಬ್ಲೂಟೂತ್ ಮೂಲಕ ಹತ್ತಿರದ ಫೋನಿನಿಂದ ಫೋನಿಗೆ ಸಂದೇಶ ದಾಟಿಸುತ್ತದೆ, ಇಂಟರ್ನೆಟ್ ಇದ್ದರೆ ಟಾರ್ ಮೂಲಕ. ಆದರೆ 2023ರ ಮೇ ತಿಂಗಳಲ್ಲಿ ಹೊರಬಿದ್ದ ಸುದ್ದಿಯಂತೆ, ಕಾಶ್ಮೀರದಲ್ಲಿ ಭಯೋತ್ಪಾದಕರು ಬಳಸುತ್ತಾರೆಂಬ ಕಾರಣ ಕೊಟ್ಟು ಕೇಂದ್ರ ಸರಕಾರ ತಡೆಹಿಡಿದ 14 ಆ್ಯಪ್‌ಗಳಲ್ಲಿ ಬ್ರಯರ್ ಕೂಡ ಒಂದಾಗಿತ್ತು. ಟಾರ್ ಬಳಸುವುದೇ ಅಪರಾಧ ಎನ್ನುವ ಕಾನೂನು ನಮ್ಮಲ್ಲಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದೂ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ.

ಕೈಬರಹ ಅಳಿಸುವ ತಂತ್ರಾಂಶವಿಲ್ಲ

ಮಾಸ್ತರರ ಮೂಗರ್ಜಿ ಹೇಗೆ ಸಿಕ್ಕಿಬಿತ್ತು ಎಂದು ನಾವು ಮತ್ತೆ ಮತ್ತೆ ಕೇಳಿದೆವು. ಅಂಚೆ ಮುದ್ರೆ ಒಂದು ಕಾರಣ. ಅಕ್ಷರ ಇನ್ನೊಂದು ಕಾರಣ. ಮೂರನೆಯದನ್ನು ಅವರೇ ನಾಚಿಕೊಂಡು ಹೇಳಿದರು. ಖಾನಾಪುರದಲ್ಲಿ ಮರಾಠಿ, ಕನ್ನಡ, ಕೊಂಕಣಿ ಮೂರೂ ಒಂದೇ ಅಂಗಳದಲ್ಲಿ ಆಡುವ ಮಾತುಗಳು. ಅರ್ಜಿಯಲ್ಲಿದ್ದದ್ದು ಪುಸ್ತಕದ ಕನ್ನಡ, "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಶುರುವಾಗುವ ಕನ್ನಡ. ಆ ಹಳ್ಳಿಯಲ್ಲಿ ಹಾಗೆ ಬರೆಯಬಲ್ಲವರು ಎಷ್ಟು ಮಂದಿ? ಅದರ ಮೇಲೆ ಎಷ್ಟು ಮೂಟೆ, ಯಾವ ದಿನ ಎಂಬ ವಿವರ ಬೇರೆ. ಅದು ಗೊತ್ತಿದ್ದವರು ಮೂವರೇ!

ಟಾರ್ ಇದ್ದಿದ್ದರೂ ಇವುಗಳಲ್ಲಿ ಮೊದಲನೆಯದು ಮಾತ್ರ ಮರೆಯಾಗುತ್ತಿತ್ತು, ಟೈಪು ಮಾಡಿದ್ದರೆ ಎರಡನೆಯದೂ. ಮೂರನೆಯದನ್ನು ಯಾವ ತಂತ್ರಾಂಶವೂ ಮುಚ್ಚಲಾರದು. ಅವರು ನಮಗೆ ಕಳಿಸಿದ ಫೋಟೋಗಳಲ್ಲಿ ತೆಗೆದ ಸ್ಥಳದ ಗುರುತು ಅಡಗಿತ್ತು. ಅದನ್ನು ಅಳಿಸಲು ಉಚಿತ ತಂತ್ರಾಂಶಗಳಿವೆ, ಅಳಿಸಿದೆವು. ಆದರೆ ರಿಜಿಸ್ಟರಿನ ಪುಟ ಹಿಡಿದ ಹೆಬ್ಬೆರಳು ಚಿತ್ರದಲ್ಲಿ ಹಾಗೆಯೇ ಇತ್ತು. ಬಣ್ಣದ ಲೇಸರ್ ಪ್ರಿಂಟರಿನಲ್ಲಿ ಅಚ್ಚು ಹಾಕಿ ಕಳಿಸುತ್ತೇನೆಂದು ಅವರು ಹೇಳಿದಾಗ, ಬೇಡವೆಂದೆವು. ಅಂಥ ಎಷ್ಟೋ ಯಂತ್ರಗಳು ಕಣ್ಣಿಗೆ ಕಾಣದ ಹಳದಿ ಚುಕ್ಕಿಗಳಲ್ಲಿ ತಮ್ಮ ಗುರುತನ್ನು ಹಾಳೆಯ ಮೇಲೆ ಬಿಡುತ್ತವೆ.

ಇನ್ನು, ಮುಟ್ಟಿದ ಮೂಗರ್ಜಿಗೆ ಏನಾಗುತ್ತದೆ? ಹೆಸರಿಲ್ಲದ ದೂರುಗಳ ಮೇಲೆ ಕ್ರಮ ಬೇಡ ಎಂದು ಕೇಂದ್ರ ಜಾಗೃತ ಆಯೋಗ 1999ರ ಜೂನ್ 29ರಂದೇ ಸುತ್ತೋಲೆ ಹೊರಡಿಸಿತ್ತು. ಭ್ರಷ್ಟಾಚಾರ ಬಯಲಿಗೆಳೆಯುವವರ ರಕ್ಷಣೆಗೆಂದು ಸಂಸತ್ತು 2014ರಲ್ಲಿ ಒಪ್ಪಿದ ಕಾಯ್ದೆಯೂ ಹೆಸರಿಲ್ಲದ ದೂರನ್ನು ಸ್ವೀಕರಿಸುವುದಿಲ್ಲ, ಹೆಸರು ಕೊಟ್ಟವರನ್ನು ಕಾಯುತ್ತೇನೆನ್ನುತ್ತದೆ. ಒಪ್ಪಿ ಹತ್ತು ವರ್ಷ ಕಳೆದರೂ ಅದು ಜಾರಿಗೇ ಬರಲಿಲ್ಲ. ಅಂದರೆ ಮೂರಲ್ಲ, ಮೂವತ್ತು ಲಕೋಟೆಯಲ್ಲಿಟ್ಟು ಕಳಿಸಿದರೂ ಕೊನೆಗೆ ಅದು ಕಸದ ಬುಟ್ಟಿಗೆ ಬೀಳಬಹುದು.

ಹೀಗೆ ಯೋಚಿಸುತ್ತಾ ಯೋಚಿಸುತ್ತಾ ನಮಗೆ ಹೊಳೆದ ದಾರಿ ಬೇರೆ. ಮಾಹಿತಿ ಹಕ್ಕು ಕಾಯ್ದೆಯಡಿ ಯಾವ ಊರಿನ ಯಾವ ನಾಗರಿಕರಾದರೂ ಯಾವ ಕಚೇರಿಯನ್ನಾದರೂ ಕೇಳಬಹುದು, ಏಕೆ ಕೇಳುತ್ತೀರಿ ಎಂದು ಅವರು ಕೇಳುವಂತಿಲ್ಲ. ಕರ್ನಾಟಕದಲ್ಲಿ ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳ ಮಿತಿ. ವಿಳಾಸ ಕೊಡಲು ಭಯವಿದ್ದರೆ ಅಂಚೆ ಪೆಟ್ಟಿಗೆಯ ಸಂಖ್ಯೆ ಸಾಕೆಂದು ಕಲ್ಕತ್ತಾ ಹೈಕೋರ್ಟ್ 2013ರ ನವೆಂಬರಿನಲ್ಲಿ ಹೇಳಿದೆ. ಒಂದು ಶಾಲೆಯ ಲೆಕ್ಕ ಮಾತ್ರ ಕೇಳಿದರೆ ಬೆರಳು ಮತ್ತೆ ಅದೇ ಮೂವರ ಕಡೆಗೆ ತಿರುಗುತ್ತದೆ. ಹತ್ತಾರು ಶಾಲೆಗಳ ಅಕ್ಷರ ದಾಸೋಹದ ದಾಸ್ತಾನು ಪುಸ್ತಕದ ಪ್ರತಿಗಳನ್ನು, ಎರಡು ವರ್ಷದವನ್ನು, ದೂರದ ಊರಿನ ಯಾರೋ ಒಬ್ಬರು ಕೇಳಿದರೆ? ಆ ಹತ್ತರಲ್ಲಿ ಒಂದಾಗಿ ಅದು ಕರಗುತ್ತದೆ. ನಡುವಿನ ಮನೆ ಒಂದು ಕಂಪ್ಯೂಟರೇ ಆಗಬೇಕೆಂದಿಲ್ಲವಲ್ಲ.

ಇದನ್ನು ಮಾಸ್ತರರಿಗೆ ಬರೆದೆವು. ಜೊತೆಗೆ, ಟಾರ್ ಬ್ರೌಸರನ್ನು ಈಗಿನಿಂದಲೇ ಹಾಕಿಕೊಂಡು ದಿನಾ ಪತ್ರಿಕೆ ಓದಲು, ಹವಾಮಾನ ನೋಡಲು ಬಳಸುತ್ತಿರಿ, ಶಾಲೆಯ ವೈಫೈಯಲ್ಲಿ ಮಾತ್ರ ಬೇಡ, ನಾಲ್ಕು ಗೆಳೆಯರಿಗೂ ಹೇಳಿಕೊಡಿ ಎಂದೆವು. ಕೊಪ್ಪೆ ಮಳೆಗಾಲಕ್ಕೆ ಮೊದಲೇ ಅಭ್ಯಾಸವಾಗಿರಲಿ.

ಅವರ ಉತ್ತರ ಬಂದಿದೆ. ನಾಲ್ಕು ಗೆಳೆಯರಲ್ಲಿ ಇಬ್ಬರು ಒಪ್ಪಿದ್ದಾರಂತೆ, ಒಬ್ಬರಿಗೆ ಅದು ನಿಧಾನವೆಂದು ಬೇಸರವಂತೆ, ಮತ್ತೊಬ್ಬರು ಇದೆಲ್ಲ ಏಕೆ ಬೇಕೆಂದು ಕೇಳಿದ್ದಕ್ಕೆ ಅವರು ಕ್ರಿಕೆಟ್ ನೋಡಲು ಎಂದರಂತೆ. ಮಾಹಿತಿ ಹಕ್ಕಿನ ಅರ್ಜಿ ಹೋಯಿತೇ, ಯಾವ ಊರಿನಿಂದ ಹೋಯಿತು, ಯಾರ ಹೆಸರಿನಲ್ಲಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.